‘ಬರ್ತೀನಿ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು?

ಮನೆಯಿಂದ ಹೊರಡುವಾಗ ನಾವು ‘ಹೋಗ್ತೀನಿ’ ಅನ್ನುವುದಿಲ್ಲ, ‘ಬರ್ತೀನಿ’ ಅನ್ನುತ್ತೇವೆ. ನಾಸಿಕದ ಮರಾಠಿಗರೂ ಹಾಗೆಯೇ. ಹೊಸ್ತಿಲು ದಾಟುವಾಗ ಗಂಡಸರ ಮಾತು ‘ಯೇತೋ’, ಹೆಂಗಸರದು ‘ಯೇತೇ’. ಯಾರಾದರೂ ‘ಜಾತೋ’ ಅಂದುಬಿಟ್ಟರೆ ಮನೆಯ ಹಿರಿಯರು ಅಲ್ಲೇ ತಿದ್ದುತ್ತಾರೆ. ಇಂಥ ಮನೆಯ ಹುಡುಗನೊಬ್ಬ ಕಾರ್ಖಾನೆ ಸೇರಿ, ಶಿಫ್ಟ್ ಮುಗಿಸಿ ಹೊರಡುವಾಗ ಹೊರದೇಶದ ಎಂಜಿನಿಯರಿಗೆ ‘ಐ ಆಮ್ ಕಮಿಂಗ್ ಸರ್’ ಅಂದರೆ, ಆ ಎಂಜಿನಿಯರ್ ಅವನು ವಾಪಸ್ ಬರುತ್ತಾನೆಂದು ಕಾಯುತ್ತ ಕೂರುತ್ತಾನೆ. ಹುಡುಗನ ನಾಲ್ಕೂ ಪದ ಸರಿ, ವ್ಯಾಕರಣವೂ ಸರಿ. ಮಾತು ಮಾತ್ರ ತಲುಪಲಿಲ್ಲ.

ದಿನಬಳಕೆಯ ಇಂಗ್ಲಿಷ್ ಕಲಿಯುವ ಕಷ್ಟವೆಲ್ಲ ಈ ಒಂದು ಮಾತಿನಲ್ಲಿದೆ ಅಂತ ನನಗನ್ನಿಸುತ್ತದೆ. ಆದರೆ ಈ ಪ್ರಶ್ನೆಯನ್ನು ನಾವು ಯಾವಾಗಲೂ ಬೆಂಗಳೂರಿನಲ್ಲಿ ನಿಂತು ನೋಡುತ್ತೇವೆ. ಅಲ್ಲಿ ಇಂಗ್ಲಿಷ್ ಬೀದಿಯಲ್ಲೇ ಸಿಗುತ್ತದೆ. ಲಿಫ್ಟಿನಲ್ಲಿ, ಅಂಗಡಿಯಲ್ಲಿ, ಪಕ್ಕದ ಮನೆಯ ಮಗುವಿನ ಬಾಯಲ್ಲಿ ಕೇಳುತ್ತಲೇ ಇರುತ್ತದೆ. ಇಂಗ್ಲಿಷ್ ಬೇಕು, ಆದರೆ ಸುತ್ತ ಕೇಳಿಸುವುದಿಲ್ಲ ಅನ್ನುವ ಊರುಗಳ ಪಾಡೇ ಬೇರೆ. ಅದನ್ನು ಅರಿಯಲು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳನ್ನು ನೋಡಬೇಕು. 2023ರವರೆಗೆ ಔರಂಗಾಬಾದ್ ಅನ್ನಿಸಿಕೊಂಡಿದ್ದ ಊರು ಎರಡನೆಯದು.

ಈ ಎರಡು ಊರುಗಳ ಚರಿತ್ರೆ ಕನ್ನಡಿಗರಿಗೆ ಪರಕೀಯವಲ್ಲ. ನಾಸಿಕ್ ಮುಂಬಯಿ ಪ್ರಾಂತ್ಯದಲ್ಲಿತ್ತು, ಧಾರವಾಡ ಬೆಳಗಾವಿಗಳ ಹಾಗೆ. ಸಂಭಾಜಿನಗರ ನಿಜಾಮನ ಸೀಮೆಯಲ್ಲಿತ್ತು, ಕಲಬುರಗಿ ಬೀದರ ರಾಯಚೂರುಗಳ ಹಾಗೆ. ಅಂದರೆ ನಮ್ಮ ಉತ್ತರ ಕರ್ನಾಟಕದ ಎರಡು ಹೋಳುಗಳಿಗೆ ಇಂಗ್ಲಿಷ್ ಬಂದ ಎರಡು ದಾರಿಗಳೇ ಈ ಎರಡು ಊರುಗಳಿಗೂ ಬಂದವು.

ಮುಂಬಯಿ ಪ್ರಾಂತ್ಯದಲ್ಲಿ ಕಲಿಕೆಯ ಭಾಷೆಯ ಜಗಳ ಬಹಳ ಹಳೆಯದು. 1840ರ ದಶಕದಲ್ಲೇ ಅಲ್ಲಿನ ಶಿಕ್ಷಣ ಮಂಡಳಿ ಇಬ್ಭಾಗವಾಗಿತ್ತು. ಅಧ್ಯಕ್ಷ ಅರ್ಸ್ಕಿನ್ ಪೆರ್ರಿ ಇಂಗ್ಲಿಷ್ ಬೇಕು ಅಂದ. ಕರ್ನಲ್ ಜರ್ವಿಸ್ ಮತ್ತು ಜಗನ್ನಾಥ ಶಂಕರಶೇಟ್ ಕಲಿಕೆ ಮಾತೃಭಾಷೆಯಲ್ಲಿ ಆಗಲಿ ಅಂದರು. ಕೆಳಗಿನ ತರಗತಿಗಳಿಗೆ ಮರಾಠಿ, ಗುಜರಾತಿ, ಕನ್ನಡ, ಮೇಲಿನವಕ್ಕೆ ಇಂಗ್ಲಿಷ್ ಎಂಬ ಒಪ್ಪಂದ ನಿಧಾನವಾಗಿ ನೆಲೆ ನಿಂತಿತು. ಧಾರವಾಡದ ಹಳಬರು ‘ಮುಲ್ಕಿ ಪಾಸಾದೆ, ಆಮೇಲೆ ಇಂಗ್ಲಿಷ್ ಸಾಲಿಗೆ ಹೋದೆ’ ಅನ್ನುತ್ತಿದ್ದದ್ದು ಆ ವ್ಯವಸ್ಥೆಯ ನೆನಪು. ಮುಲ್ಕಿ ಅಂದರೆ ಕನ್ನಡ ಸಾಲಿಯ ಕೊನೆಯ ಪರೀಕ್ಷೆ.

ಆದರೆ ನಾಸಿಕದಲ್ಲಿ ಇಂಗ್ಲಿಷ್ ಕಲಿತವರ ಪೈಕಿ ನನ್ನ ಮನಸ್ಸಿನಲ್ಲಿ ಉಳಿದವರು ಮರಾಠಿಗರಲ್ಲ, ಆಫ್ರಿಕದ ಮಕ್ಕಳು. ಊರ ಹೊರಗಿನ ಶರಣಪುರದಲ್ಲಿ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ನೆಲೆಯಿತ್ತು. ಅರಬ್ಬಿ ಸಮುದ್ರದಲ್ಲಿ ಗುಲಾಮರ ಹಡಗುಗಳನ್ನು ಹಿಡಿದ ಬ್ರಿಟಿಷ್ ನೌಕೆಗಳು ಆ ಹಡಗುಗಳಲ್ಲಿದ್ದ ಮಕ್ಕಳನ್ನು ಮುಂಬಯಿಗೆ ತಂದಾಗ ಎಷ್ಟೋ ಮಕ್ಕಳು ಈ ಶರಣಪುರ ಸೇರಿದರು. ಅಲ್ಲಿ ಬಡಗಿತನ, ಕಮ್ಮಾರಿಕೆಯ ಜೊತೆಗೆ ಇಂಗ್ಲಿಷ್ ಕಲಿತರು. ಮುಂದೆ ಆಫ್ರಿಕದಲ್ಲಿ ಇವರನ್ನು ‘ನಾಸಿಕ್ ಹುಡುಗರು’ ಎಂದೇ ಕರೆದರು. ಅವರಲ್ಲೊಬ್ಬ ಜೇಕಬ್ ವೇನ್‌ರೈಟ್. 1873ರಲ್ಲಿ ಈಗಿನ ಜಾಂಬಿಯಾದ ಚಿತಾಂಬೊ ಎಂಬ ಹಳ್ಳಿಯಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ತೀರಿಕೊಂಡಾಗ ಪ್ರಾರ್ಥನೆ ಓದಿದವನು, ಅಲ್ಲಿನ ಮರದ ಮೇಲೆ ಹೆಸರು ಕೆತ್ತಿದವನು, ಆ ದಿನಗಳ ದಿನಚರಿಯನ್ನು ಇಂಗ್ಲಿಷಿನಲ್ಲಿ ಬರೆದಿಟ್ಟವನು ಈತ. ಸಂಗಡಿಗರ ಜೊತೆ ಆ ಶವವನ್ನು ಕರಾವಳಿಯವರೆಗೆ ಹೊತ್ತು, 1874ರ ಏಪ್ರಿಲ್ 18ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಅಂತ್ಯಕ್ರಿಯೆಯಲ್ಲೂ ನಿಂತ. ತಾಯಿ ಆಡಿದ್ದು ಒಂದು ಭಾಷೆ, ಸುತ್ತ ಕೇಳಿದ್ದು ಮರಾಠಿ, ಪಾಠ ಇಂಗ್ಲಿಷಿನಲ್ಲಿ. ಗೋದಾವರಿಯ ದಡದಲ್ಲಿ ಕಲಿತ ಭಾಷೆ ಒಬ್ಬ ಅನಾಥನ ಕೈಯಲ್ಲಿ ಚರಿತ್ರೆಯ ದಾಖಲೆಯಾಯಿತು. ಆ ಮಕ್ಕಳು ಭಾಷೆ ಕಲಿತದ್ದು ಉಳಿ, ಸುತ್ತಿಗೆ, ಊಟ, ಪ್ರಾರ್ಥನೆಗಳ ನಡುವೆ, ದಿನವಿಡೀ ಅದರಲ್ಲೇ ಬದುಕುತ್ತ. ಈ ಮಾತಿಗೆ ಮತ್ತೆ ಬರುತ್ತೇನೆ.

ನಿಜಾಮನ ಸೀಮೆಯ ದಾರಿ ಬೇರೆ. ಅಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಠವೂ ಉರ್ದುವಿನಲ್ಲೇ, ಇಂಗ್ಲಿಷ್ ಕಡ್ಡಾಯವಾಗಿ ಕಲಿಯಬೇಕಾದ ಒಂದು ಭಾಷೆ. ಔರಂಗಾಬಾದಿನ ಮರಾಠಿ ಮಗುವಿಗೂ ರಾಯಚೂರಿನ ಕನ್ನಡ ಮಗುವಿಗೂ ಇಂಗ್ಲಿಷ್ ಮೂರನೆಯ ಮೆಟ್ಟಿಲು. ಮೊದಲು ಮನೆಮಾತು, ಆಮೇಲೆ ಸರಕಾರದ ಮಾತು, ಅದನ್ನು ದಾಟಿದರೆ ಇಂಗ್ಲಿಷ್. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿಯಿತು. ಎರಡೇ ವರ್ಷಕ್ಕೆ, 1950ರಲ್ಲಿ, ಬಾಬಾಸಾಹೇಬ ಅಂಬೇಡ್ಕರರು ತಮ್ಮ ಪೀಪಲ್ಸ್ ಎಜುಕೇಷನ್ ಸೊಸೈಟಿಯ ಕಾಲೇಜನ್ನು ಔರಂಗಾಬಾದಿನಲ್ಲಿ ತೆರೆದರು. ಅದೇ ಮಿಲಿಂದ ಮಹಾವಿದ್ಯಾಲಯ. ಮರಾಠವಾಡದ ಹಳ್ಳಿಗಳ ದಲಿತ ಮಕ್ಕಳು ಕಾಲೇಜಿನ ಮುಖ ಕಂಡದ್ದು ಅಲ್ಲಿ. 1958ರಲ್ಲಿ ಅದೇ ಊರಿಗೆ ವಿಶ್ವವಿದ್ಯಾಲಯ ಬಂತು, 1994ರಲ್ಲಿ ಅದಕ್ಕೆ ಅಂಬೇಡ್ಕರರ ಹೆಸರು ಸೇರಿತು.

‘ಇಂಗ್ಲಿಷ್ ವ್ಯಾಮೋಹ’ ಎಂದು ಒಂದೇ ಪದದಲ್ಲಿ ತಳ್ಳಿಹಾಕುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಾವಿತ್ರಿಬಾಯಿ ಫುಲೆಯವರ ‘ಕಾವ್ಯಫುಲೆ’ 1854ರಲ್ಲಿ ಬಂತು. ಶೂದ್ರಾತಿಶೂದ್ರರು ಇಂಗ್ಲಿಷ್ ಕಲಿಯಲಿ ಅನ್ನುವ ಕವಿತೆ ಅದರಲ್ಲಿದೆ. ತನ್ನದೇ ಭಾಷೆಯ ಶಾಲೆಯ ಬಾಗಿಲು ಮುಚ್ಚಿಸಿಕೊಂಡವರಿಗೆ ಇಂಗ್ಲಿಷ್ ಇನ್ನೊಂದು ಬಾಗಿಲಾಗಿ ಕಂಡಿತು. ನಮ್ಮಲ್ಲೂ ದಲಿತ ಚಿಂತಕರು ಈ ಮಾತನ್ನು ಮತ್ತೆ ಮತ್ತೆ ಹೇಳಿದ್ದಾರೆ. ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ, ಬಡವರ ಮಕ್ಕಳಿಗೆ ಕನ್ನಡದ ಹಿರಿಮೆ ಬೋಧಿಸುವುದು ನ್ಯಾಯವಲ್ಲ. ಹಾಗಂತ ಕನ್ನಡದ ಪರ ನಿಂತವರು ಇಂಗ್ಲಿಷಿನ ವಿರೋಧಿಗಳೇ ಆಗಬೇಕಿಲ್ಲ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದ ಸಮಿತಿಯ ಅಧ್ಯಕ್ಷ ವಿ.ಕೃ. ಗೋಕಾಕರು ಇಂಗ್ಲಿಷಿನ ಪ್ರಾಧ್ಯಾಪಕರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಎರಡೂ ಭಾಷೆ ಬಲ್ಲವರು ಹೇಳಿದ ಮಾತಿಗೇ ತೂಕ ಬರುವುದು.

ಶಾಲೆಯ ವಿಷಯಕ್ಕೆ ಬರೋಣ. ಮಹಾರಾಷ್ಟ್ರ 2000ದಲ್ಲಿ ಮರಾಠಿ ಶಾಲೆಗಳ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ತಂದಿತು. ಕರ್ನಾಟಕ ಅದನ್ನು ಮಾಡಿದ್ದು 2007ರಲ್ಲಿ. ಮಹಾರಾಷ್ಟ್ರದಲ್ಲಿ ನಮ್ಮಲ್ಲಿಲ್ಲದ ಇನ್ನೊಂದು ಪದ್ಧತಿಯೂ ಇದೆ, ಅದಕ್ಕೆ ಜನ ‘ಸೆಮಿ ಇಂಗ್ಲಿಷ್’ ಅನ್ನುತ್ತಾರೆ. ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲಿ. ನಾಸಿಕ್ ಕಡೆ ಮಗುವನ್ನು ಶಾಲೆಗೆ ಸೇರಿಸುವ ತಂದೆ ತಾಯಿ ‘ಸೆಮಿ ಇದೆಯಾ?’ ಅಂತ ಮೊದಲು ಕೇಳುತ್ತಾರೆ. ಮಾಧ್ಯಮದ ಜಗಳವನ್ನು ನಡುವೆ ಕತ್ತರಿಸಿ ಹಂಚಿದ ಉಪಾಯ ಇದು. 2025ರಲ್ಲಿ ಒಂದನೇ ತರಗತಿಯಿಂದ ಹಿಂದಿ ಕಲಿಸುವ ಆದೇಶ ಹೊರಟು ದೊಡ್ಡ ಗಲಾಟೆಯಾಗಿ, ಜೂನ್ ಕೊನೆಗೆ ಸರಕಾರ ಅದನ್ನು ಹಿಂದೆ ಪಡೆಯಿತು. ಆ ಜಗಳದ ಕೇಂದ್ರ ಹಿಂದಿ. ಒಂದನೇ ತರಗತಿಯ ಇಂಗ್ಲಿಷ್ ಜನರ ಮನಸ್ಸಿನಲ್ಲಿ ಆಗಲೇ ಇತ್ಯರ್ಥವಾಗಿತ್ತು.

ಫಲ ಏನು? ದೇಶದ ಗ್ರಾಮೀಣ ಶಾಲೆಗಳನ್ನು ಅಳೆಯುವ ‘ಅಸರ್’ ಸಮೀಕ್ಷೆಯ 2022ರ ವರದಿ ಪ್ರಕಾರ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೇ ತರಗತಿಯ ಮಕ್ಕಳು ಶೇ. 24.5, ಎಂಟನೆಯವರು ಶೇ. 46.7. 2016ರಲ್ಲಿ ಐದನೆಯವರ ಅಂಕಿ ಶೇ. 24.7 ಇತ್ತು. ಇದು ಓದಿನ ಲೆಕ್ಕ, ಮಾತಿನದಲ್ಲ. ಮಾತಿನ ಲೆಕ್ಕ ಶಾಲೆಯ ಪರೀಕ್ಷೆಯಲ್ಲೂ ಹೆಚ್ಚಾಗಿ ಇರುವುದಿಲ್ಲ. ಪರೀಕ್ಷೆಗಿಲ್ಲದ್ದನ್ನು ಯಾವ ಮೇಷ್ಟ್ರು ದಿನಾ ಕಲಿಸುತ್ತಾರೆ?

ಮೇಷ್ಟ್ರನ್ನು ದೂರಿ ಫಲವೂ ಇಲ್ಲ. ಅವರೂ ಅದೇ ಶಾಲೆಯಲ್ಲಿ ಓದಿದವರು, ಇಂಗ್ಲಿಷನ್ನು ಪಾಠವಾಗಿ ಕಲಿತವರು, ಅದರಲ್ಲಿ ಯಾರ ಜೊತೆಗೂ ಹರಟೆ ಹೊಡೆದವರಲ್ಲ. ಇದನ್ನು ಚೆನ್ನಾಗಿ ಅರಿತ ಒಂದು ಪ್ರಯತ್ನದಲ್ಲಿ ಸಂಭಾಜಿನಗರಕ್ಕೂ ಪಾಲಿತ್ತು. ಮಹಾರಾಷ್ಟ್ರ ಸರಕಾರದ ಇಂಗ್ಲಿಷ್ ಶಿಕ್ಷಕರ ತರಬೇತಿ ಸಂಸ್ಥೆ ಇರುವುದು ಈ ಊರಿನಲ್ಲಿ. ಬ್ರಿಟಿಷ್ ಕೌನ್ಸಿಲ್ ಮತ್ತು ಟಾಟಾ ಟ್ರಸ್ಟ್ಸ್ ಜೊತೆ ಸೇರಿ ರಾಜ್ಯ ನಡೆಸಿದ ‘ತೇಜಸ್’ ಯೋಜನೆಯಲ್ಲಿ ಅದೂ ಪಾಲುದಾರವಾಗಿತ್ತು. ಅಲ್ಲಿನ ಮುಖ್ಯ ಉಪಾಯ ಸರಳ. ಅಕ್ಕಪಕ್ಕದ ಹಳ್ಳಿಗಳ ಪ್ರಾಥಮಿಕ ಶಿಕ್ಷಕರು ಗುಂಪುಗೂಡಿ ಆಗಾಗ ಒಂದು ಕಡೆ ಸೇರುವುದು, ತಮ್ಮ ತರಗತಿಯ ಅನುಭವವನ್ನು ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಮಾತಾಡುವುದು. ಮೇಲಿನಿಂದ ಬಂದ ಉಪನ್ಯಾಸಕರು ಹೇಳಿದ್ದನ್ನು ಬರೆದುಕೊಂಡು ಹೋಗುವ ತರಬೇತಿಗಿಂತ ಇದು ಎಷ್ಟೋ ಮೇಲು. ಕಲಿಸುವವನ ಬಾಯಿ ಬಿಚ್ಚದೆ ಕಲಿಯುವವನ ಬಾಯಿ ಬಿಚ್ಚುವುದಿಲ್ಲ.

ಈ ಉಪಾಯದ ಹಿಂದಿನ ತಿಳಿವಳಿಕೆಗೆ ಬೆಂಗಳೂರಿನ ಋಣವಿದೆ ಅನ್ನುವುದು ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠವಿಲ್ಲ, ಪದಪಟ್ಟಿಯಿಲ್ಲ. ಮಕ್ಕಳ ಮುಂದೆ ಒಂದು ರೈಲ್ವೆ ವೇಳಾಪಟ್ಟಿ ಅಥವಾ ಒಂದು ನಕ್ಷೆ ಇಡುವುದು, ಈ ರೈಲು ತಪ್ಪಿದರೆ ಮುಂದಿನದು ಯಾವಾಗ, ಇಲ್ಲಿಂದ ಅಲ್ಲಿಗೆ ಹೋಗುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳುವುದು. ಮಗುವಿನ ಮನಸ್ಸು ಉತ್ತರ ಹುಡುಕುವುದರಲ್ಲಿ ತೊಡಗಿದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಅವರ ಪುಸ್ತಕ ಬಂದ ಮೇಲೆ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರು ಜಗತ್ತಿನ ಭಾಷಾಶಿಕ್ಷಣದ ಪಠ್ಯಗಳನ್ನೆಲ್ಲ ಸೇರಿತು. ಶರಣಪುರದ ಮಕ್ಕಳು ಬಡಗಿಯ ಹಲಗೆಯ ಮುಂದೆ ಕಲಿತದ್ದಕ್ಕೂ ಇದಕ್ಕೂ ನಂಟಿದೆ. ಕೈಯಲ್ಲೊಂದು ಕೆಲಸ ಇದ್ದಾಗ ಭಾಷೆ ಅಂಟಿಕೊಳ್ಳುತ್ತದೆ.

ಶಾಲೆ ಬಿಟ್ಟದ್ದನ್ನು ತುಂಬಿಕೊಡುತ್ತೇವೆ ಅಂತ ನಿಂತಿರುವುದು ಸ್ಪೋಕನ್ ಇಂಗ್ಲಿಷ್ ಕ್ಲಾಸುಗಳು. ನಾಸಿಕದ ಕಾಲೇಜ್ ರೋಡಿನಲ್ಲಿ, ಸಂಭಾಜಿನಗರದ ಔರಂಗಪುರಾದಲ್ಲಿ, ನಮ್ಮ ಧಾರವಾಡ ವಿಜಯಪುರಗಳಲ್ಲಿ ಇವುಗಳ ಬೋರ್ಡು ಒಂದೇ ತೆರ. ಇಷ್ಟು ದಿನಗಳಲ್ಲಿ ಇಂಗ್ಲಿಷ್, ಬೆಳಗಿನ ಬ್ಯಾಚ್, ಸಂಜೆಯ ಬ್ಯಾಚ್, ಹೆಂಗಸರಿಗೆ ಬೇರೆ ಬ್ಯಾಚ್. ಅವುಗಳ ಹಿಂದೆ ಪುಸ್ತಕಗಳ ದೊಡ್ಡ ಪರಂಪರೆಯಿದೆ. ಮರಾಠಿಯಲ್ಲಿ ತರ್ಖಡ್ಕರರ ಭಾಷಾಂತರ ಪಾಠಮಾಲೆಯನ್ನು ತಲೆಮಾರುಗಳು ಓದಿವೆ. ಕಪಿಲ್ ದೇವ್ ಜಾಹೀರಾತಿನ ರ‍್ಯಾಪಿಡೆಕ್ಸ್ ಪುಸ್ತಕ ಕನ್ನಡ ಮರಾಠಿ ಎರಡರಲ್ಲೂ ಬಸ್ ನಿಲ್ದಾಣದ ಅಂಗಡಿಗಳಲ್ಲಿ ನೇತಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಇವನ್ನು ಹಗುರವಾಗಿ ಕಾಣಬಾರದು. ಮೇಷ್ಟ್ರಿಲ್ಲದ ಹಳ್ಳಿಯಲ್ಲಿ, ಯಾರ ಮುಂದೆಯೂ ನಾಚದೆ, ಲಾಟೀನಿನ ಬೆಳಕಲ್ಲಿ ಒಬ್ಬನೇ ಕೂತು ಕಲಿತವರಿಗೆ ಅವು ಗುರುಗಳಾದವು. ಆದರೆ ಅವು ಒಂದು ಭಾಷೆಯ ವಾಕ್ಯಕ್ಕೆ ಇನ್ನೊಂದರ ವಾಕ್ಯವನ್ನು ಜೋಡಿಸಿ ಕಲಿಸುತ್ತವೆ. ಹಾಗೆ ಕಲಿತವನು ಮಾತಾಡುವ ಮೊದಲು ಮನಸ್ಸಿನಲ್ಲಿ ಭಾಷಾಂತರ ಮಾಡುತ್ತಾನೆ. ಅದು ಮುಗಿಯುವ ಹೊತ್ತಿಗೆ ಎದುರಿನವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ.

‘ಇಂಗ್ಲಿಷ್ ವಿಂಗ್ಲಿಷ್’ ಚಿತ್ರವನ್ನು 2012ರಲ್ಲಿ ನೋಡಿ ಕಣ್ಣೊರೆಸಿಕೊಂಡ ಗೃಹಿಣಿಯರು ಎಷ್ಟೋ ಜನ. ಶ್ರೀದೇವಿ ಮಾಡಿದ ಶಶಿ ಲಡ್ಡು ಮಾರುವ ಮರಾಠಿ ಹೆಣ್ಣುಮಗಳು. ಅವಳ ನೋವು ಪದ ಗೊತ್ತಿಲ್ಲದ್ದರದಲ್ಲ, ಮನೆಯವರೇ ನಗುತ್ತಾರೆ ಅನ್ನುವುದರದು. ಕ್ಲಾಸಿಗೆ ಸೇರುವ ಎಷ್ಟೋ ಜನ ‘ಕಾನ್ಫಿಡೆನ್ಸ್ ಬೇಕು’ ಅನ್ನುತ್ತಾರೆ. ಅವರಿಗೆ ಟೆನ್ಸಿನ ಚಾರ್ಟು ಸಿಗುತ್ತದೆ, ಪದಪಟ್ಟಿ ಸಿಗುತ್ತದೆ.

ಪದಪಟ್ಟಿಯ ಬಗ್ಗೆ ಬಲ್ಲವರೂ ತಲೆ ಕೆಡಿಸಿಕೊಂಡಿದ್ದಾರೆ. 1930ರಲ್ಲಿ ಸಿ.ಕೆ. ಆಗ್ಡನ್ 850 ಪದ ಸಾಕು ಅಂದ. ಢಾಕಾದಲ್ಲಿ ಪಾಠ ಮಾಡಿದ್ದ ಮೈಕಲ್ ವೆಸ್ಟ್ 1953ರಲ್ಲಿ ಸುಮಾರು 2000 ಪದಗಳ ಪಟ್ಟಿ ಕೊಟ್ಟ. ಈಗ ಸಂಭಾಜಿನಗರದ ವಾಳೂಜ್ ಕೈಗಾರಿಕಾ ವಸಾಹತಿಗೆ ಬನ್ನಿ, 1985ರಲ್ಲಿ ಬಜಾಜ್ ಆಟೊ ಕಾರ್ಖಾನೆ ಶುರುವಾದ ಜಾಗ. ಅಲ್ಲಿ ಹತ್ತನೆಯ ತರಗತಿ ಓದಿದ ಹುಡುಗನೊಬ್ಬನ ಮರಾಠಿ ಮಾತನ್ನೇ ಕೇಳಿ: ಶಿಫ್ಟ್, ಓವರ್‌ಟೈಮ್, ಗೇಟ್‌ಪಾಸ್, ರಿಜೆಕ್ಷನ್, ಸೆಟ್ಟಿಂಗ್, ಬ್ರೇಕ್‌ಡೌನ್, ಸೂಪರ್‌ವೈಸರ್, ಸೇಫ್ಟಿ, ಅರ್ಜೆಂಟ್, ಚೇಂಜ್. ನಾಸಿಕ್ ಜಿಲ್ಲೆಯ ದಿಂಡೋರಿ, ನಿಫಾಡದ ದ್ರಾಕ್ಷಿ ರೈತನ ಬಾಯಲ್ಲಿ ಎಕ್ಸ್‌ಪೋರ್ಟ್, ಕ್ವಾಲಿಟಿ, ಸ್ಯಾಂಪಲ್, ರಿಪೋರ್ಟ್, ಕಂಟೇನರ್, ಪ್ಯಾಕ್‌ಹೌಸ್ ಇವೆ. ಯುರೋಪಿಗೆ ಹೋಗುವ ದ್ರಾಕ್ಷಿಯ ತೋಟವನ್ನು ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೇಡಾದ ಗ್ರೇಪ್‌ನೆಟ್‌ ಎಂಬ ಜಾಲದಲ್ಲಿ ನೋಂದಾಯಿಸಬೇಕು, ಕೀಟನಾಶಕದ ಉಳಿಕೆ ಎಷ್ಟು ಎಂಬ ಪರೀಕ್ಷೆ ದಾಟಬೇಕು. ಹಾಗಾಗಿ ‘ರೆಸಿಡ್ಯೂ’ ಅನ್ನುವ, ಇಂಗ್ಲಿಷ್ ಮೀಡಿಯಂ ಮಗುವಿಗೂ ತೊಡಕಾಗುವ ಪದ ಈ ರೈತನಿಗೆ ಮನೆಮಾತು. ವಿಜಯಪುರದ ನಮ್ಮ ದ್ರಾಕ್ಷಿ ಬೆಳೆಗಾರನೂ ಬಳ್ಳಿ ಸವರುವುದಕ್ಕೆ ಅನ್ನುವ ‘ಚಾಟ್ನಿ’ ಎಂಬ ಮರಾಠಿ ಪದದ ಪಕ್ಕದಲ್ಲೇ ‘ಥಾಮ್ಸನ್’, ‘ಕ್ರೇಟ್’, ‘ಕೋಲ್ಡ್ ಸ್ಟೋರೇಜ್’ ಇಟ್ಟುಕೊಂಡಿದ್ದಾನೆ. ನಾಸಿಕ್ ಹೊರಗಿನ ಓಝರಿನಲ್ಲಿ 1964ರಿಂದ ಎಚ್‌ಎಎಲ್ ವಿಮಾನ ಕಾರ್ಖಾನೆ ಇದೆ. ಬೆಂಗಳೂರಿನಿಂದ ವರ್ಗವಾಗಿ ಅಲ್ಲಿಗೆ ಹೋದ ಕನ್ನಡದವರು ಪಕ್ಕದ ಮರಾಠಿಗರ ಜೊತೆ ಮೊದಲು ಮಾತಾಡಿದ್ದು ಹ್ಯಾಂಗರ್, ರಿವೆಟ್, ಕ್ವಾರ್ಟರ್ಸ್, ಕ್ಯಾಂಟೀನುಗಳ ಈ ಸಾಮಾನ್ಯ ನುಡಿಯಲ್ಲೇ ಇರಬೇಕು.

ಇಂಗ್ಲಿಷ್ ಬರುವುದಿಲ್ಲ ಅಂತ ತಲೆತಗ್ಗಿಸುವ ಇಂಥವರ ಬಾಯಲ್ಲಿ ಆಗಲೇ ನೂರಾರು ಇಂಗ್ಲಿಷ್ ಪದಗಳಿವೆ. ಕ್ಲಾಸಿನಲ್ಲಿ ಅವರಿಗೆ ಮೊದಲ ದಿನ ಸಿಗುವುದು ಹಣ್ಣು, ತರಕಾರಿ, ಪ್ರಾಣಿಗಳ ಪಟ್ಟಿ. ಕಲಿಸುವವರು ಅವರ ಬಾಯಲ್ಲಿರುವುದನ್ನು ಮೊದಲು ಎಣಿಸಿಕೊಂಡರೆ, ಬೇಕಾದದ್ದು ಪದವಲ್ಲ, ಪದವನ್ನು ಹೊತ್ತು ನಡೆಯುವ ವಾಕ್ಯ ಎಂಬುದು ತಿಳಿಯುತ್ತದೆ. ‘ಮಷೀನ್ ಬ್ರೇಕ್‌ಡೌನ್’ ಅನ್ನಬಲ್ಲವನಿಗೆ ‘ಯಾವಾಗಿನಿಂದ’, ‘ಯಾಕೆ’, ‘ನನ್ನ ತಪ್ಪಲ್ಲ’ ಅನ್ನಲು ಬರಬೇಕು.

ಇಲ್ಲೇ ಆರಂಭದ ‘ಬರ್ತೀನಿ’ ಮತ್ತೆ ಎದುರಾಗುತ್ತದೆ. ವಾಕ್ಯ ಕಟ್ಟುವಾಗ ನಮ್ಮ ಭಾಷೆಯ ನಯವನ್ನು ಇಂಗ್ಲಿಷಿಗೆ ಹೇಗೆ ದಾಟಿಸುವುದು? ‘ಸ್ವಲ್ಪ ನೀರು ಕೊಡ್ತೀರಾ?’ ಅನ್ನುವಲ್ಲಿ ನಯವಿರುವುದು ‘ಸ್ವಲ್ಪ’ದಲ್ಲಿ, ‘ರಾ’ದಲ್ಲಿ. ಮರಾಠಿಯ ‘ಜರಾ ಪಾಣೀ ದ್ಯಾಲ ಕಾ?’ ಕೂಡ ಅದೇ ಅಚ್ಚು. ಇವನ್ನು ಬಿಟ್ಟು ‘ಗಿವ್ ಮಿ ವಾಟರ್’ ಅಂದರೆ ವಿನಂತಿ ಹೋಗಿ ಅಪ್ಪಣೆ ಆಗುತ್ತದೆ. ನಾವು ‘ಆಗಲ್ಲ’ ಅನ್ನಲಾರದೆ ‘ನೋಡೋಣ’ ಅನ್ನುತ್ತೇವೆ, ಅವರು ‘ಬಘೂ’ ಅನ್ನುತ್ತಾರೆ. ‘ಲೆಟ್ ಅಸ್ ಸೀ’ ಎಂದು ಕೇಳಿಸಿಕೊಂಡ ಪರದೇಶದ ಗಿರಾಕಿ ಆಸೆ ಇಟ್ಟುಕೊಳ್ಳುತ್ತಾನೆ. ‘ಇಲ್ಲೇ’ ಅನ್ನುವ ನಮ್ಮ ಒತ್ತು, ‘ಇಥೇಚ್’ ಅನ್ನುವ ಅವರ ಒತ್ತು, ಎರಡೂ ಇಂಗ್ಲಿಷಿಗೆ ಹೋಗಿ ‘ಹಿಯರ್ ಓನ್ಲಿ’ ಆಗುತ್ತವೆ. ಈ ‘ಓನ್ಲಿ’ಯನ್ನು ನಾನು ತಪ್ಪು ಅನ್ನಲಾರೆ. ಭಾರತದ ಇಂಗ್ಲಿಷಿನಲ್ಲಿ ಅದು ನೆಲೆಯೂರಿ ಆಯಿತು, ಕೇಳಿದವರಿಗೆ ಅರ್ಥವೂ ಆಗುತ್ತದೆ. ಆದರೆ ‘ಗಿವ್ ಮಿ’ ಮತ್ತು ‘ಐ ಆಮ್ ಕಮಿಂಗ್’ ತೊಂದರೆ ತರುತ್ತವೆ. ಯಾವುದನ್ನು ಬಿಡಬೇಕು, ಯಾವುದನ್ನು ತಿದ್ದಬೇಕು ಎಂಬ ವಿವೇಕ ಬರುವುದು ಮಾತೃಭಾಷೆಯನ್ನು ಚೆನ್ನಾಗಿ ಬಲ್ಲ ಮೇಷ್ಟ್ರಿಗೆ ಮಾತ್ರ.

ಮರಾಠಿಗರಿಂದ ನಾವು ಕಲಿಯಬೇಕಾದ ಒಂದು ಸಣ್ಣ ಸಂಗತಿ ಇದೆ. ಇಂಗ್ಲಿಷಿನ ‘ಬ್ಯಾಟ್’, ‘ಆಫೀಸ್’ಗಳ ಸ್ವರಗಳಿಗಾಗಿ ಅವರು ತಮ್ಮ ಲಿಪಿಯಲ್ಲಿ ಅರ್ಧಚಂದ್ರ ಹೊತ್ತ ಎರಡು ಅಕ್ಷರಗಳನ್ನೇ ಮಾಡಿಕೊಂಡರು, ಇವತ್ತು ಅವು ಶಾಲೆಯ ವರ್ಣಮಾಲೆಯಲ್ಲಿವೆ. ನಾವು ‘ಆಫೀಸು’ ಎಂದು ಬರೆದು, ಅದನ್ನು ಹೇಗೆ ಓದಬೇಕೆಂಬುದನ್ನು ಓದುಗನಿಗೇ ಬಿಡುತ್ತೇವೆ. ಅದೇ ನಾಸಿಕ್ ಸೀಮೆಯ ಭಗೂರಿನಲ್ಲಿ ಹುಟ್ಟಿದ ಸಾವರ್ಕರ್ ಪರಭಾಷೆಯ ಪದಗಳನ್ನು ಹೊರಗಿಡಲು ಹೋರಾಡಿ ‘ಮಹಾಪೌರ’, ‘ದಿನಾಂಕ’ ಮುಂತಾದವನ್ನು ಚಲಾವಣೆಗೆ ತಂದರು. ಅವು ಕನ್ನಡಕ್ಕೂ ಬಂದವು. ಬಾಗಿಲು ತೆರೆದ ಅಕ್ಷರ, ಬಾಗಿಲು ಕಾಯುವ ಪದ ಎರಡೂ ಒಂದೇ ಭಾಷೆಯಲ್ಲಿವೆ. ಭಾಷೆ ಸೊರಗಿದೆಯೆಂದು ಅಲ್ಲಿ ಯಾರಿಗೂ ಅನ್ನಿಸಬೇಕಿಲ್ಲ.

ಅಕ್ಷರ, ಪದಗಳಿಗಿಂತ ದೊಡ್ಡದು ಕಲಿಯುವ ಆಸೆ. ಸಂಭಾಜಿನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಗಾಡಿವಾಟ್ ಎಂಬ ಹಳ್ಳಿ 2020ರಲ್ಲಿ ಸುದ್ದಿಯಾಯಿತು. ಅಲ್ಲಿನ ಜಿಲ್ಲಾ ಪರಿಷತ್ ಶಾಲೆಯವರು ಯಾವ ವಿದೇಶಿ ಭಾಷೆ ಕಲಿಯುತ್ತೀರಿ ಎಂದು ಮಕ್ಕಳನ್ನೇ ಕೇಳಿದರು. ಮಕ್ಕಳು ಜಪಾನಿ ಅಂದರು. ಯಾಕೆಂದರೆ ಅವರಿಗೆ ರೋಬೋಟ್ ಮಾಡುವ ಆಸೆ. ಹಳ್ಳಿಯಲ್ಲಿ ರಸ್ತೆ ಸರಿಯಿಲ್ಲದಿದ್ದರೂ ಇಂಟರ್ನೆಟ್ ಇತ್ತು. ಆನ್‌ಲೈನ್ ಪಾಠಕ್ಕೆ ಒಬ್ಬ ಭಾಷಾಪ್ರೇಮಿ ಸಿಕ್ಕರು, ಮಕ್ಕಳು ತಮ್ಮತಮ್ಮಲ್ಲಿ ಜಪಾನಿಯಲ್ಲಿ ಮಾತಾಡಿಕೊಳ್ಳತೊಡಗಿದರು. ಇಪ್ಪತ್ತು ವರ್ಷ ಕಡ್ಡಾಯವಾಗಿ ಕಲಿಸಿದ ಇಂಗ್ಲಿಷ್ ಮಾಡದ್ದನ್ನು ಒಂದು ಆಸೆ ಮಾಡಿತು.

ಸಂಭಾಜಿನಗರದ ಹತ್ತಿರದ ವೇರೂಳಿಗೆ, ಅಂದರೆ ಎಲ್ಲೋರಾಕ್ಕೆ, ಹೋದ ಕನ್ನಡಿಗರು ರಾಷ್ಟ್ರಕೂಟ ಕೃಷ್ಣನ ಕೈಲಾಸದ ಮುಂದೆ ಎದೆಯುಬ್ಬಿಸಿ ನಿಲ್ಲುತ್ತೇವೆ. ಅಲ್ಲಿ ಸಾಮಾನು ಮಾರುವ ಹುಡುಗರ ಮಾತನ್ನೂ ಒಮ್ಮೆ ಕೇಳಬೇಕು. ‘ಗುಡ್ ಪ್ರೈಸ್’, ‘ನೋ ಪ್ರಾಬ್ಲಮ್’, ‘ಜಸ್ಟ್ ಲುಕ್’ ಇವೆಲ್ಲ ಅವರಿಗೆ ಇಡಿಯಾಗಿ ಬಂದ ಮಾತುಗಳು, ಬಿಡಿಸಿ ಕಲಿತದ್ದಲ್ಲ. ಸಂಜೆ ಅಂಗಡಿ ಕಟ್ಟಿ ಮನೆಗೆ ಹೊರಡುವಾಗ ಅವರೂ ಗೆಳೆಯನಿಗೆ ‘ಯೇತೋ’ ಅನ್ನುತ್ತಾರೆ. ‘ಬರ್ತೀನಿ’ಗೂ ‘ಯೇತೋ’ಗೂ ಇಂಗ್ಲಿಷಿನಲ್ಲಿ ಏನು ಎಂದು ಕೇಳಿದರೆ, ನಾನಾದರೆ ‘ಬೈ’ ಎಂದು ಹೇಳಿಕೊಡುವುದಿಲ್ಲ. ‘ಸೀ ಯೂ ಟುಮಾರೊ’ ಎಂದು ಹೇಳಿಕೊಡುತ್ತೇನೆ. ಮತ್ತೆ ಬರುವ ಮಾತು ಅದರಲ್ಲೂ ಇದೆ.